ಆ ಮಗು ಬದುಕಿದ್ದಕ್ಕೆ ಏನಂತೀರಿ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಸತ್ಯಜಿತ್ ರಾಯ್ ಅವರ ‘ದೇವಿ’ ಚಿತ್ರದ ಬಗ್ಗೆ ಬಂದ ಬರಹ ನಿಮಗೆ ನೋವು ತಂದಿದೆ. ‘ಭಕ್ತಿಯನ್ನು ಹುಚ್ಚು ಅಂತ ತೋರಿಸುವ ಚಿತ್ರವನ್ನು ಯಾಕೆ ಹೊಗಳ್ತೀರಿ? ಸಾಯುತ್ತಿದ್ದ ಮಗು ಅದೇ ಚಿತ್ರದಲ್ಲಿ ಬದುಕಿತಲ್ಲ, ಅದಕ್ಕೇನಂತೀರಿ?’ ಎಂದು ಕೇಳಿದ್ದೀರಿ. 1960ರಲ್ಲಿ ಚಿತ್ರ ಬಂದಾಗಲೂ ಹಿಂದೂ ಧರ್ಮಕ್ಕೆ ವಿರುದ್ಧ ಅಂತ ನೊಂದುಕೊಂಡವರಿದ್ದರು. ಆದರೆ ನಿಮ್ಮ ಎರಡನೇ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು.

ಮೊದಲು ಚಿತ್ರದಲ್ಲಿ ಸೊಸೆಯನ್ನು ದೇವಿ ಅಂತ ನಂಬುವ ಮಾವನ ಮಾತು. ಜಮೀನ್ದಾರ ಕಾಳಿಕಿಂಕರನ ಭಕ್ತಿಯಲ್ಲಿ ಎಳ್ಳಷ್ಟೂ ಕಪಟವಿಲ್ಲ. ಆ ಪಾತ್ರ ಮಾಡಿದ ಛಬಿ ಬಿಸ್ವಾಸ್ ಅವರ ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ. ಬಂಗಾಳದಲ್ಲಿ ಸೊಸೆಯನ್ನೂ ‘ಮಾ’ ಅಂತಾರೆ, ಕಾಳಿಯನ್ನೂ ‘ಮಾ’ ಅಂತಾರೆ. ನಾವೂ ಅಷ್ಟೇ ಅಲ್ವಾ? ಸೊಸೆಗೆ ‘ಬಾರಮ್ಮ’, ಗುಡಿಯಲ್ಲಿ ‘ಅಮ್ಮಾ, ಕಾಪಾಡು’. ಒಂದು ರಾತ್ರಿಯ ಕನಸಿನಲ್ಲಿ ಅವನಿಗೆ ಆ ಇಬ್ಬರು ಅಮ್ಮಂದಿರೂ ಒಂದಾಗಿಬಿಡುತ್ತಾರೆ. ದೇವಿಯ ಕಣ್ಣುಗಳು ಕಿರಿಸೊಸೆ ದಯಾಮಯಿಯ ಮುಖದಲ್ಲಿ ಕಾಣುತ್ತವೆ. ಎದ್ದವನೇ ಬಂದು ಅವಳ ಕಾಲಿಗೆ ಬೀಳುತ್ತಾನೆ.

ಆಗ ಆ ಹುಡುಗಿಯನ್ನು ನೋಡಿ. ಗೋಡೆಗೆ ಮುಖ ತಿರುಗಿಸುತ್ತಾಳೆ. ಉಗುರಿನಿಂದ ಗೋಡೆ ಕೆರೆಯುತ್ತಾಳೆ. ಬಾಯಲ್ಲಿ ಮಾತಿಲ್ಲ. ಹದಿಹರೆಯದ ಶರ್ಮಿಳಾ ಟ್ಯಾಗೋರ್ ಅದನ್ನು ಮಾಡಿದ ರೀತಿ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವಳನ್ನು ದೇವಿ ಅಂತ ಕೂರಿಸಿ ಪೂಜೆ ಶುರು ಮಾಡುತ್ತಾರೆ. ನಿನಗೇನನ್ನಿಸುತ್ತದೆ ಅಂತ ಆ ಮನೆಯಲ್ಲಿ ಮಾವ ಕೇಳುವುದಿಲ್ಲ, ಪುರೋಹಿತರೂ ಕೇಳುವುದಿಲ್ಲ. ನಮ್ಮ ಜಾತ್ರೆಗಳಲ್ಲಿ ಮೈಮೇಲೆ ಬಂದ ದೇವರು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ದಯಾಳಿಗೆ ಇಳಿಯುವುದು ಅಂತಲೇ ಇಲ್ಲ.

ಇನ್ನು ಆ ಮಗು. ಸಾಯುತ್ತಿದ್ದ ಅದನ್ನು ದೇವಿ ಕಾಪಾಡಲಿ ಅಂತ ದಯಾಳ ಮುಂದೆ ತರುತ್ತಾರೆ. ಅದು ಕಣ್ಣು ಬಿಡುತ್ತದೆ, ನಿಜ. ಹೇಗೆ ಅಂತ ರಾಯ್ ಬಿಡಿಸಿ ಹೇಳುವುದಿಲ್ಲ. ಮೋಸ ಅಂತಲೂ ಹೇಳುವುದಿಲ್ಲ. ಆದರೆ ಅದರಿಂದ ಅವಳಿಗೇನಾಯಿತು ನೋಡಿ. ಗಂಡ ಉಮಾಪ್ರಸಾದ ಅವಳನ್ನು ಕಲ್ಕತ್ತೆಗೆ ಕರೆದುಕೊಂಡು ಹೋಗಲು ರಾತ್ರಿ ಹೊಳೆ ದಡಕ್ಕೆ ತರುತ್ತಾನೆ. ಅಲ್ಲಿ ನೀರಿಗೆ ಬಿಟ್ಟ ದುರ್ಗೆಯ ಮೂರ್ತಿಯ ಹಂದರ ಬಿದ್ದಿದೆ. ಅವಳ ಕಾಲು ಮುಂದೆ ಹೋಗುವುದಿಲ್ಲ. ನಾನು ನಿಜವಾಗಿಯೂ ದೇವಿಯೇ ಆಗಿದ್ದರೆ ಎಂಬ ಭಯ. ಆ ಮಗು ಬದುಕದೇ ಇದ್ದಿದ್ದರೆ ಅವಳು ಬಹುಶಃ ದೋಣಿ ಹತ್ತುತ್ತಿದ್ದಳು.

ಆಮೇಲೆ ಮನೆಯ ಮಗು ಖೋಕಾಗೆ ಜ್ವರ ಬರುತ್ತದೆ. ಅದರ ತಾಯಿ, ಹಿರಿಸೊಸೆ ಹರಸುಂದರಿಗೆ, ದಯಾ ಒಬ್ಬ ದೇವಿ ಅನ್ನುವುದರಲ್ಲಿ ಎಂದೂ ನಂಬಿಕೆ ಇರಲಿಲ್ಲ. ಆದರೂ ಮಗು ದಯಾಳ ಮಡಿಲು ಸೇರುತ್ತದೆ. ಈ ಸಲ ಅದು ಕಣ್ಣು ಬಿಡಲಿಲ್ಲ.

ಮೊದಲ ಮಗುವಿನ ಬಗ್ಗೆ ಕೇಳಿದಿರಿ. ಈ ಎರಡನೇ ಮಗುವಿನ ದೃಶ್ಯವನ್ನು ಇನ್ನೊಮ್ಮೆ ನೋಡಿ, ಮತ್ತೆ ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ