ಹಳೇ ಕಂಪ್ಯೂಟರು, ಸಣ್ಣ ಡೇಟಾಬೇಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸಣ್ಣ ಲೈಬ್ರರಿಯ ಪುಸ್ತಕಗಳ ಪಟ್ಟೀನ ಒಂದು ಹಳೇ ಕಂಪ್ಯೂಟರಿಗೆ ಹಾಕ್ತಿದೀನಿ. 1 ಜಿಬಿ ರ್‍ಯಾಮು, ತಿರುಗೋ ಹಾರ್ಡ್ ಡಿಸ್ಕು. ಎಸ್‌ಕ್ಯೂಲೈಟ್ (SQLite) ಅನ್ನೋ ಸಣ್ಣ ಡೇಟಾಬೇಸ್ ಇಟ್ಕೊಂಡು ಪೈಥಾನ್ ಭಾಷೇಲಿ ಒಂದು ಸ್ಕ್ರಿಪ್ಟ್ ಬರೆದೆ, ಪುಸ್ತಕಕ್ಕೊಂದರಂತೆ ಸುಮಾರು 40,000 ಸಾಲು ಒಳಗೆ ಹೋಗೋಕೆ ಮುಕ್ಕಾಲು ಗಂಟೆ ಹಿಡೀತು. ಎಲ್ಲರೂ ಕಂಪ್ಯೂಟರ್ ಬದಲಾಯಿಸಿ ಅಂತಿದಾರೆ. ಬೇರೆ ದಾರಿ ಇಲ್ವಾ?

ಉತ್ತರ: ದಯವಿಟ್ಟು ಬದಲಾಯಿಸ್ಬೇಡಿ. ನೀವು ಕಳಿಸಿದ ಸ್ಕ್ರಿಪ್ಟ್ ನೋಡಿದೆ, ತೊಂದ್ರೆ ಇರೋದು ಕೋಡಿನ ಒಂದೇ ಸಾಲಲ್ಲಿ. ಲೂಪ್ (ಮತ್ತೆ ಮತ್ತೆ ಓಡೋ ಭಾಗ) ಒಳಗೆ ಪ್ರತಿ ಪುಸ್ತಕಕ್ಕೂ ಒಂದು ಇನ್ಸರ್ಟ್ (ಸಾಲು ಸೇರಿಸೋ ಕಮಾಂಡ್), ಅದರ ಬೆನ್ನಿಗೇ ಒಂದು ಕಮಿಟ್ (ಸೇರಿಸಿದ್ದನ್ನ ಖಾಯಂ ಮಾಡೋ ಕಮಾಂಡ್) ಇದೆ. ಆ ಕಮಿಟ್‌ನ ಲೂಪಿನಿಂದ ಆಚೆ ತಂದು ಕೊನೇಲಿ ಒಂದೇ ಸಲ ಹಾಕಿ, ಅದೇ ಮಷೀನಲ್ಲಿ ಅದೇ 40,000 ಸಾಲು ಕೆಲವೇ ಸೆಕೆಂಡಲ್ಲಿ ಹೋಗುತ್ತೆ. ನಾನೂ ಶುರುವಿನಲ್ಲಿ ಇದೇ ತಪ್ಪು ಮಾಡಿ ಒಂದಿಡೀ ಸಂಜೆ ಪರದೆ ನೋಡ್ತಾ ಕೂತಿದ್ದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಕಮಿಟ್ ಅಂದ್ರೆ ಎಸ್‌ಕ್ಯೂಲೈಟ್ ನಿಮಗೆ ಕೊಡೋ ಮಾತು: ಈ ಕ್ಷಣ ಕರೆಂಟು ಹೋದ್ರೂ ಈ ಸಾಲು ಕಳೆದುಹೋಗಲ್ಲ ಅಂತ. ಆ ಮಾತು ಉಳಿಸಿಕೊಳ್ಳೋಕೆ ಅದು ಮೊದಲು ಹಳೇ ಪುಟವನ್ನ (ಫೈಲಲ್ಲಿ ಬದಲಾಗೋ ತುಣುಕನ್ನ) ಪಕ್ಕದಲ್ಲಿ ಒಂದು ಜರ್ನಲ್ ಫೈಲಿಗೆ ಬರೆದಿಟ್ಟು, ಅದು ನಿಜವಾಗಿ ಡಿಸ್ಕಿಗೆ ಇಳಿದಿದೆಯಾ ಅಂತ ಕಾದು, ಆಮೇಲೆ ಅಸಲಿ ಫೈಲು ಬರೆದು, ಅದೂ ಇಳಿಯೋವರೆಗೆ ಕಾದು, ಕೊನೆಗೆ ಜರ್ನಲ್ ಅಳಿಸುತ್ತೆ. ಡಿಸ್ಕು ನಿಮಿಷಕ್ಕೆ 7200 ಸುತ್ತು ಅಂದ್ರೆ ಸೆಕೆಂಡಿಗೆ 120 ಸುತ್ತು ಅಷ್ಟೇ, ಒಂದೊಂದು ಕಾಯೋದ್ರಲ್ಲೂ ತಟ್ಟೆ ಸುತ್ತಿ ಬರ್ಬೇಕು. ಎಷ್ಟೇ ಗುದ್ದಾಡಿದ್ರೂ ಸೆಕೆಂಡಿಗೆ ಐವತ್ತು ಅರವತ್ತು ಕಮಿಟ್ ದಾಟೋದು ಕಷ್ಟ, ನಿಮ್ಮ ಲೆಕ್ಕದಲ್ಲಿ ಹದಿನೈದರ ಹತ್ರ ಬಂದಿದೆ. ಪ್ರೊಸೆಸರ್ ಪಾಪ ಪೂರ್ತಿ ಹೊತ್ತು ಸುಮ್ನೆ ಕೂತಿತ್ತು. ಹೊಸ ಪ್ರೊಸೆಸರ್ ತಂದು ಅದೇ ಥರದ ಡಿಸ್ಕು ಹಾಕಿದ್ರೆ ಅದೂ ಹೀಗೇ ಕೂತಿರ್ತಿತ್ತು.

ಇನ್ನೊಂದೆರಡು ಮಾತು. ಇಂಡೆಕ್ಸ್‌ಗಳನ್ನ (ಬೇಗ ಹುಡುಕೋಕೆ ಮಾಡೋ ಸೂಚಿಗಳನ್ನ) ಮೊದಲೇ ಮಾಡಿಡ್ಬೇಡಿ, ಎಲ್ಲಾ ಸಾಲು ಒಳಗೆ ಹೋದ್ಮೇಲೆ ಮಾಡಿ. ದಿನದ ಕೆಲಸಕ್ಕೆ ಜರ್ನಲ್ ಮೋಡನ್ನ ವಾಲ್‌ಗೆ (WAL, ರೈಟ್-ಅಹೆಡ್ ಲಾಗ್) ಬದಲಾಯಿಸಿ, ಇದು 2010ರಲ್ಲಿ 3.7.0 ಆವೃತ್ತಿಲಿ ಬಂದಿದ್ದು. ಇದ್ರಲ್ಲಿ ಬದಲಾವಣೆಗಳೆಲ್ಲ ಪಕ್ಕದ ಫೈಲಿನ ಕೊನೆಗೆ ಸೇರ್ತಾ ಹೋಗುತ್ತೆ, ಒಬ್ಬರು ಬರೀತಿರುವಾಗ ಇನ್ನೊಬ್ಬರು ಓದೋಕೂ ಅಡ್ಡಿ ಇಲ್ಲ. ಜೊತೆಗೆ ಸಿಂಕ್ರೊನಸ್ ಅನ್ನೋ ಸೆಟ್ಟಿಂಗನ್ನ (ಬರೆದದ್ದು ಡಿಸ್ಕಿಗೆ ಇಳಿಯೋಕೆ ಯಾವಾಗ ಕಾಯ್ಬೇಕು ಅಂತ ಹೇಳೋದು) ನಾರ್ಮಲ್‌ಗೆ ಇಡಿ. ಆಗ ಕರೆಂಟು ಹೋದ್ರೆ ಕೊನೇಲಿ ಹಾಕಿದ ಕೆಲವು ಎಂಟ್ರಿ ಹೋಗಬಹುದು, ಆದ್ರೆ ಫೈಲು ಕೆಡಲ್ಲ. ವಾಲ್ ಅನ್ನೋದು ಒಂದ್ಸಲ ಹಾಕಿದ್ರೆ ಫೈಲಲ್ಲೇ ಉಳಿಯುತ್ತೆ, ಸಿಂಕ್ರೊನಸ್ ಹಾಗಲ್ಲ, ಪ್ರತಿ ಸಲ ಕನೆಕ್ಟ್ ಆದಾಗಲೂ ಹೇಳ್ಬೇಕು. ಯಾರಾದ್ರೂ ಸಿಂಕ್ರೊನಸ್‌ನ ಆಫ್ ಮಾಡಿಬಿಡಿ, ರಾಕೆಟ್ ಥರ ಓಡುತ್ತೆ ಅಂದ್ರೆ ಕೇಳ್ಬೇಡಿ. ಓಡೋದು ನಿಜ, ಆದ್ರೆ ಒಂದೇ ಒಂದು ಸಲ ಹೊತ್ತಲ್ಲದ ಹೊತ್ತಲ್ಲಿ ಕರೆಂಟು ಹೋದ್ರೆ ಇಡೀ ಪಟ್ಟಿ ಕೆಡಬಹುದು.

ಪ್ರಶ್ನೆ: ಮೇಲಿನ ಥರದ್ದೇ ಮಷೀನು ನಂದೂ. ಡೇಟಾಬೇಸ್ ಸರ್ವರುಗಳಾದ ಪೋಸ್ಟ್‌ಗ್ರೆಸ್ ಹಾಕ್ಲಾ, ಮರಿಯಾಡಿಬಿ ಹಾಕ್ಲಾ, ಎಸ್‌ಕ್ಯೂಲೈಟ್ ಸಾಕಾ?

ಉತ್ತರ: ಎಷ್ಟು ಜನ ಒಟ್ಟಿಗೆ ಬರೀತಾರೆ ಅನ್ನೋದನ್ನ ಮೊದಲು ಕೇಳ್ಕೊಳಿ. ಒಬ್ಬರೇ, ಒಂದೇ ಕಂಪ್ಯೂಟರಲ್ಲಿ ಅಂದ್ರೆ ಎಸ್‌ಕ್ಯೂಲೈಟ್ ಧಾರಾಳವಾಗಿ ಸಾಕು. ಅದು ಸರ್ವರೇ ಅಲ್ಲ, ನಿಮ್ಮ ಪ್ರೋಗ್ರಾಮಿನ ಒಳಗೇ ಸೇರ್ಕೊಳೋ ಕೋಡಿನ ಕಂತೆ, ಕ್ಯಾಷ್‌ಗೆ (ಪುಟಗಳನ್ನ ರ್‍ಯಾಮಲ್ಲಿ ಇಟ್ಕೊಳೋಕೆ) ತಾನಾಗಿ ತಗೊಳೋದು ಹೆಚ್ಚುಕಮ್ಮಿ 2 ಎಂಬಿ. ಪೋಸ್ಟ್‌ಗ್ರೆಸ್ ಆಗ್ಲಿ ಮರಿಯಾಡಿಬಿ ಆಗ್ಲಿ ಅದೇ ಕೆಲಸದ ಬಫರಿಗೇ ಸಾಮಾನ್ಯವಾಗಿ 128 ಎಂಬಿ ಅಂತ ಸೆಟ್ ಆಗಿ ಬರುತ್ತೆ, ಅದನ್ನ ಇಳಿಸ್ಬಹುದು, 1 ಜಿಬಿಯಲ್ಲೂ ಎರಡೂ ಓಡುತ್ತೆ, ಆದ್ರೆ ಯಾರೂ ಕೇಳದೇ ಇದ್ದಾಗಲೂ ಹಿಂದೆ ಓಡ್ತಾನೇ ಇರುತ್ತೆ.

ಮೂರು ನಾಲ್ಕು ಕಂಪ್ಯೂಟರಿಂದ ನೆಟ್‌ವರ್ಕ್ ಮೂಲಕ ಬರೀತಾರೆ ಅಂದ್ರೆ ಮಾತ್ರ ಸರ್ವರ್ ಬೇಕೇ ಬೇಕು. ಎಸ್‌ಕ್ಯೂಲೈಟ್ ಫೈಲನ್ನ ಶೇರ್ಡ್ ಫೋಲ್ಡರಲ್ಲಿಟ್ಟು ಎಲ್ಲರೂ ತೆಗೆಯೋ ಐಡಿಯಾ ಖಂಡಿತ ಬೇಡ, ನೆಟ್‌ವರ್ಕ್ ಡ್ರೈವುಗಳಲ್ಲಿ ಫೈಲ್ ಲಾಕ್ ನೆಚ್ಚೋ ಹಾಗಿರಲ್ಲ, ವಾಲ್ ಮೋಡ್ ಅಂತೂ ಅಲ್ಲಿ ನಡೆಯೋದೇ ಇಲ್ಲ. ಈ ಎರಡರ ಮಧ್ಯೆ ಫೈರ್‌ಬರ್ಡ್ ಅಂತ ಒಂದಿದೆ, 2000ದಲ್ಲಿ ಇಂಟರ್‌ಬೇಸ್ ಅನ್ನೋ ಡೇಟಾಬೇಸಿನ ಸೋರ್ಸ್ ಕೋಡ್ ಬಿಡುಗಡೆ ಆದಾಗ ಅದರಿಂದ ಹುಟ್ಟಿದ್ದು. ಸರ್ವರಾಗೂ ಓಡುತ್ತೆ, ಪ್ರೋಗ್ರಾಮಿನ ಒಳಗೂ ಕೂರುತ್ತೆ. ಇದನ್ನ ಕೇಳಿದವರು ಕಮ್ಮಿ, ನನಗದು ಬೇಜಾರು.

ಪ್ರಶ್ನೆ: ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲನ್ನ, ಪ್ರೋಗ್ರಾಂ ಮುಚ್ಚದೇನೇ, ದಿನಾ ಪೆನ್ ಡ್ರೈವಿಗೆ ಕಾಪಿ ಮಾಡ್ತಿದ್ದೆ. ಮೊನ್ನೆ ಹಾರ್ಡ್ ಡಿಸ್ಕ್ ಹೋಯ್ತು, ಪೆನ್ ಡ್ರೈವ್ ತೆಗೆದ್ರೆ 'ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್' (ಫೈಲು ಕೆಟ್ಟಿದೆ) ಅಂತ ಬರ್ತಿದೆ. ಎರಡು ವರ್ಷದ ಕೆಲಸ.

ಉತ್ತರ: ಓದಿ ನಿಜವಾಗ್ಲೂ ಸಂಕಟ ಆಯ್ತು. ಮೊದಲು ಒಂದು ಕೆಲಸ ಮಾಡಿ, ಕೆಟ್ಟಿರೋ ಫೈಲಿನ ಎರಡು ನಕಲು ಬೇರೆ ಕಡೆ ತೆಗೆದಿಟ್ಟು ಮೂಲವನ್ನ ಮುಟ್ಟೋದು ನಿಲ್ಲಿಸಿ. ಆಮೇಲೆ ಎಸ್‌ಕ್ಯೂಲೈಟಿನ ಕಮಾಂಡ್ ಲೈನ್ ಟೂಲಿನ ಹೊಸ ಆವೃತ್ತಿ ಹಾಕ್ಕೊಂಡು, ಒಂದು ನಕಲನ್ನ ತೆಗೆದು ಡಾಟ್ ರಿಕವರ್ (.recover) ಕಮಾಂಡ್ ಕೊಡಿ. ಅದು ಪುಟ ಪುಟ ಹುಡುಕಿ ಸಿಕ್ಕಷ್ಟು ಸಾಲನ್ನ ಎಸ್‌ಕ್ಯೂಎಲ್ (ಡೇಟಾಬೇಸಿನ ಕಮಾಂಡ್ ಭಾಷೆ) ರೂಪದಲ್ಲಿ ಹೊರಗೆ ಹಾಕುತ್ತೆ, ಅದನ್ನ ಹೊಸ ಖಾಲಿ ಡೇಟಾಬೇಸಿಗೆ ತುಂಬಿ. ಎಲ್ಲಾ ವಾಪಸ್ ಬರುತ್ತೆ ಅಂತ ಮಾತು ಕೊಡೋಕಾಗಲ್ಲ, ಆದ್ರೆ ಎಷ್ಟೋ ಸಲ ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಸಿಗುತ್ತೆ.

ಹೀಗ್ಯಾಕಾಯ್ತು ಅಂದ್ರೆ, ನೀವು ಪ್ರೋಗ್ರಾಂ ಮುಚ್ಚದೇ ಕಾಪಿ ಮಾಡ್ತಿದ್ರಿ ಅಂತ ಬರೆದಿದೀರಿ. ಕಾಪಿ ಅರ್ಧ ಆಗಿರುವಾಗ ಮಧ್ಯೆ ಒಂದು ಎಂಟ್ರಿ ಬಿದ್ರೆ ನಕಲಿನ ಮೊದಲರ್ಧ ಹಳೇದು, ಉಳಿದರ್ಧ ಹೊಸದು, ಒಂದಕ್ಕೊಂದು ತಾಳೆ ಆಗಲ್ಲ. ವಾಲ್ ಮೋಡಲ್ಲಿದ್ರೆ ಇನ್ನೊಂದು ಅಪಾಯ, ಹೆಸರಿನ ಕೊನೇಲಿ ಹೈಫನ್ ವಾಲ್ (-wal) ಅಂತ ಇರೋ ಪಕ್ಕದ ಫೈಲಲ್ಲಿ ಇವತ್ತಿನ ಕೆಲಸ ಎಲ್ಲಾ ಇನ್ನೂ ಕೂತಿರಬಹುದು, ಅದನ್ನ ಬಿಟ್ಟು ದೊಡ್ಡ ಫೈಲಷ್ಟೇ ತಗೊಂಡು ಹೋದ್ರೆ ಅದೆಲ್ಲ ಹೋದಂಗೇ. ಇನ್ಮೇಲೆ ಡಾಟ್ ಬ್ಯಾಕಪ್ (.backup) ಕಮಾಂಡ್ ಬಳಸಿ, ಇಲ್ಲಾಂದ್ರೆ 'ವ್ಯಾಕ್ಯೂಮ್ ಇಂಟು' ಅಂತ ಬರೆದು ಹೊಸ ಫೈಲಿನ ಹೆಸರು ಕೊಡಿ (3.27.0ದಿಂದ ಇದೆ, 2019ರದ್ದು). ಪ್ರೋಗ್ರಾಂ ಓಡ್ತಿದ್ರೂ ಎರಡೂ ಸರಿಯಾದ ನಕಲನ್ನೇ ಕೊಡುತ್ತೆ. ನಕಲು ತೆಗೆದಾದ್ಮೇಲೆ ಆ ನಕಲಿನ ಮೇಲೇ ಪ್ರಾಗ್ಮಾ ಇಂಟೆಗ್ರಿಟಿ ಚೆಕ್ (PRAGMA integrity_check, ಫೈಲು ಸರಿ ಇದೆಯಾ ಅಂತ ನೋಡೋ ಕಮಾಂಡ್) ಓಡಿಸಿ, ಓಕೆ ಅಂತ ಬಂದ್ರೆ ಮಾತ್ರ ಅದನ್ನ ಬ್ಯಾಕಪ್ ಅನ್ನಿ. ವಾರಕ್ಕೊಂದ್ಸಲ ಬೇರೆ ಹೆಸರಲ್ಲಿ ಇಡಿ, ಒಂದೇ ಫೈಲಿನ ಮೇಲೆ ದಿನಾ ಬರೀತಾ ಹೋದ್ರೆ ಕೆಟ್ಟಿದ್ದು ಒಳ್ಳೇದನ್ನ ನುಂಗಿಬಿಡುತ್ತೆ.

ಪ್ರಶ್ನೆ: ಕನ್ನಡದ ಹೆಸರುಗಳನ್ನ ಆರ್ಡರ್ ಬೈ (ಕ್ರಮವಾಗಿ ಜೋಡಿಸೋ ಕಮಾಂಡ್) ಹಾಕಿ ತೆಗೆದ್ರೆ 'ಕಳಸ' ಮೊದಲು, 'ಕವನ' ಆಮೇಲೆ ಬರುತ್ತೆ. ಕೆಲವು ಹೆಸರು ಕಣ್ಣೆದುರೇ ಇದ್ರೂ ಹುಡುಕಿದ್ರೆ ಸಿಗಲ್ಲ. ಎಸ್‌ಕ್ಯೂಲೈಟಿಗೆ ಕನ್ನಡ ಬರಲ್ವಾ?

ಉತ್ತರ: ತುಂಬಾ ಒಳ್ಳೇ ಪ್ರಶ್ನೆ. ಎಸ್‌ಕ್ಯೂಲೈಟ್ ಅಕ್ಷರಗಳನ್ನ ಅದರ ಸಂಖ್ಯೆ ನೋಡಿ ಸಾಲಾಗಿಸುತ್ತೆ, ವರ್ಣಮಾಲೆ ನೋಡಿ ಅಲ್ಲ. ಆ ಸಂಖ್ಯೆ ಕೊಡೋ ಯುನಿಕೋಡಲ್ಲಿ ಳ ಇರೋದು ಲ ಪಕ್ಕದಲ್ಲಿ, ವ ಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಹ ಆದ್ಮೇಲೆ ಳ. ಉಳಿದದ್ದು ಬಹುಪಾಲು ಸರಿ ಇರೋದ್ರಿಂದ ಇದು ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಪೈಥಾನಲ್ಲಿ ಕ್ರಿಯೇಟ್ ಕೊಲೇಷನ್ ಅಂತ ಒಂದು ಸೌಲಭ್ಯ ಇದೆ, ಎರಡು ಪದ ತಗೊಂಡು ಯಾವುದು ಮೊದಲು ಅಂತ ಹೇಳೋ ಸಣ್ಣ ಫಂಕ್ಷನ್ ಬರೆದು ಅದಕ್ಕೊಂದು ಹೆಸರು ಕೊಟ್ಟು, ಆರ್ಡರ್ ಬೈ ಮುಂದೆ ಕೊಲೇಟ್ ಅಂತ ಬರೆದು ಆ ಹೆಸರು ಹಾಕಿದ್ರೆ ಮುಗೀತು. ಆ ಫಂಕ್ಷನಲ್ಲಿ ಹೋಲಿಸೋ ಮುಂಚೆ ಳ ಬಂದ ಕಡೆ ಅದಕ್ಕೆ ಹ ಗಿಂತ ದೊಡ್ಡ ಸಂಖ್ಯೆ ಕೊಡಿ, ಸಾಕು.

ಹುಡುಕಿದ್ರೆ ಸಿಗದೇ ಇರೋದು ಬೇರೆ ಕತೆ. 'ಕೊ' ಅನ್ನೋದ್ರ ಒಕಾರವನ್ನ ಒಂದೇ ಸಂಖ್ಯೆಯಾಗೂ ಇಡಬಹುದು, ಎತ್ವ ಮತ್ತು ಊತ್ವದ ಚಿಹ್ನೆ ಎರಡನ್ನ ಒಂದರ ಹಿಂದೆ ಒಂದು ಇಟ್ಟೂ ಬರೀಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಡೇಟಾಬೇಸಿಗೆ ಮಾತ್ರ ಅವು ಬೇರೆ ಬೇರೆ ಪದ. ಅದೇ ಥರ ಕೆಲವು ಕೀಬೋರ್ಡುಗಳು ಮಧ್ಯೆ ಕಾಣದ ಜೋಡಣೆ ಅಕ್ಷರ ತೂರಿಸಿರ್ತವೆ. ಒಳಗೆ ಹಾಕೋ ಮುಂಚೆ ಪ್ರತಿ ಪದವನ್ನೂ ಎನ್‌ಎಫ್‌ಸಿ (NFC) ರೂಪಕ್ಕೆ, ಅಂದ್ರೆ ಇಂಥ ಅಕ್ಷರಗಳನ್ನೆಲ್ಲ ಒಂದೇ ಥರ ಬರೆದಿಡೋ ಯುನಿಕೋಡ್ ರೂಪಕ್ಕೆ ತನ್ನಿ, ಪೈಥಾನಿನ ಯುನಿಕೋಡ್‌ಡೇಟಾ ಮಾಡ್ಯೂಲಲ್ಲಿ ಒಂದೇ ಸಾಲಿನ ಕೆಲಸ ಅದು. ಎನ್‌ಎಫ್‌ಸಿ ಆ ಕಾಣದ ಅಕ್ಷರಗಳನ್ನ ತೆಗೆಯಲ್ಲ, ಹಾಗಾಗಿ ಹುಡುಕೋಕೆ ಅಂತ ಪಕ್ಕದಲ್ಲೇ ಇನ್ನೊಂದು ಕಾಲಂ ಇಟ್ಟು ಅಲ್ಲಿ ಅವುಗಳನ್ನ ತೆಗೆದುಹಾಕಿದ ಪದ ಇಡಿ, ಹುಡುಕೋ ಪದಕ್ಕೂ ಅದನ್ನೇ ಮಾಡಿ. ಈಗಾಗ್ಲೇ ಒಳಗಿರೋ ಸಾಲುಗಳಿಗೂ ಒಂದ್ಸಲ ಇದನ್ನ ಓಡಿಸಿ, ಎಲ್ಲಾ ಮುಗಿದ್ಮೇಲೆ ಒಂದೇ ಕಮಿಟ್ ಹಾಕಿ.