ಪಾಸ್‌ವರ್ಡ್ ಬದಲಿಸಲು ಡೊಮೇನ್ ಅಡ್ಮಿನ್ ಆಗಲೇಬೇಕೆ?

ಪ್ರಶ್ನೆ: ರಾಜಾಜಿನಗರದ ನಮ್ಮ ಶಿಕ್ಷಣ ಸಂಸ್ಥೆಯಲ್ಲಿ ಸಿಬ್ಬಂದಿಯ ಖಾತೆಗಳೆಲ್ಲ ವಿಂಡೋಸ್ ಸರ್ವರ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಖಾತೆಗಳನ್ನೂ ಹಕ್ಕುಗಳನ್ನೂ ಒಂದೆಡೆ ನಿರ್ವಹಿಸುವ ವ್ಯವಸ್ಥೆಯಲ್ಲಿವೆ. ಗುತ್ತಿಗೆ ಎಂಜಿನಿಯರ್ ವಾರಕ್ಕೊಮ್ಮೆ ಮಾತ್ರ ಬರುವುದರಿಂದ, ಪಾಸ್‌ವರ್ಡ್ ಮರೆತವರು ಅಲ್ಲಿಯವರೆಗೂ ಕಾಯಬೇಕಾಗುತ್ತದೆ. ಈ ಕೆಲಸವನ್ನು ಕಚೇರಿ ಅಧೀಕ್ಷಕಿಯವರಿಗೆ ವಹಿಸಬೇಕಾದರೆ ಅವರನ್ನು ಡೊಮೇನ್ ಅಡ್ಮಿನ್ (ಇಡೀ ವ್ಯವಸ್ಥೆಯ ಮೇಲೆ ಪೂರ್ಣ ಅಧಿಕಾರವುಳ್ಳವರು) ಮಾಡುವುದೊಂದೇ ದಾರಿ ಎನ್ನುತ್ತಾರೆ ಎಂಜಿನಿಯರ್. ಅಧೀಕ್ಷಕಿಯವರಿಗೆ ಕಂಪ್ಯೂಟರ್ ಜ್ಞಾನ ಅಷ್ಟಕ್ಕಷ್ಟೆ. ಇದು ಸರಿಯೆ?
— ಓದುಗರು, ಬೆಂಗಳೂರು

ಉತ್ತರ: ಸರಿಯಲ್ಲ. ವಿಂಡೋಸ್ 2000 ಸರ್ವರ್‌ನೊಂದಿಗೆ ಆಕ್ಟಿವ್ ಡೈರೆಕ್ಟರಿ ಬಂದಾಗಿನಿಂದಲೂ ಸೀಮಿತ ಅಧಿಕಾರವನ್ನು ಹಂಚುವ ಏರ್ಪಾಡು ಅದರಲ್ಲಿಯೇ ಇದೆ. ನಿಮ್ಮ ಎಂಜಿನಿಯರ್ ಸುಲಭದ ದಾರಿ ಹಿಡಿಯುತ್ತಿದ್ದಾರೆ ಎಂದೇ ನನಗೆ ತೋರುತ್ತದೆ. ‘ಅಕೌಂಟ್ ಆಪರೇಟರ್ಸ್’ ಎಂಬ ಸಿದ್ಧ ಗುಂಪಿಗೆ ಸೇರಿಸೋಣವೆಂದು ಅವರು ಸೂಚಿಸಿದರೂ ಒಪ್ಪಬೇಡಿ. ಅದರ ಸದಸ್ಯರು ಖಾತೆಗಳೆಲ್ಲ ಇರುವ ಮುಖ್ಯ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ಗೇ ನೇರವಾಗಿ ಲಾಗಿನ್ ಆಗಬಲ್ಲರು; ಆ ಗುಂಪನ್ನು ಖಾಲಿ ಬಿಡಬೇಕೆಂಬುದು ಮೈಕ್ರೋಸಾಫ್ಟ್‌ನದೇ ಸಲಹೆ.

ಮೊದಲು ಯೋಚಿಸಬೇಕಾದದ್ದು ಯಾರ ಖಾತೆಗಳನ್ನು ಒಪ್ಪಿಸುತ್ತೀರಿ ಎಂಬುದನ್ನು. ಒಬ್ಬರ ಪಾಸ್‌ವರ್ಡನ್ನು ರೀಸೆಟ್ ಮಾಡಬಲ್ಲವರು, ಹಳೆಯ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ, ಹೊಸದನ್ನು ಹಾಕಿ ಅವರ ಹೆಸರಿನಲ್ಲಿಯೇ ಒಳಗೆ ಹೋಗಬಲ್ಲರು. ಆದ್ದರಿಂದ ಸಾಮಾನ್ಯ ಸಿಬ್ಬಂದಿಯ ಖಾತೆಗಳನ್ನು ಒಂದು ಓಯುನಲ್ಲಿ, ಅಂದರೆ ಖಾತೆಗಳನ್ನು ವಿಂಗಡಿಸಿಡುವ ಆರ್ಗನೈಸೇಷನಲ್ ಯೂನಿಟ್ ಎಂಬ ವಿಭಾಗದಲ್ಲಿ ಇರಿಸಿ, ಪ್ರಾಂಶುಪಾಲರು, ಲೆಕ್ಕಪತ್ರ ವಿಭಾಗ ಮತ್ತು ಎಂಜಿನಿಯರ್ ಅವರ ಖಾತೆಗಳನ್ನು ಅದರ ಹೊರಗಿನ ಬೇರೆ ಓಯುಗೆ ವರ್ಗಾಯಿಸಿ. ಮೇಲಿನ ಓಯುಗೆ ಕೊಟ್ಟ ಹಕ್ಕು ಸಾಮಾನ್ಯವಾಗಿ ಅದರೊಳಗಿನ ಓಯುಗಳಿಗೂ ಇಳಿಯುವುದರಿಂದ, ಈ ವಿಂಗಡಣೆ ಮುಗಿಯದೆ ಮುಂದಿನ ಹೆಜ್ಜೆ ಇಡಬಾರದು.

ಅನಂತರ ಒಂದು ಸೆಕ್ಯುರಿಟಿ ಗ್ರೂಪ್ ರಚಿಸಿ ಅಧೀಕ್ಷಕಿಯವರನ್ನು ಅದಕ್ಕೆ ಸೇರಿಸಿ. ಹಕ್ಕು ಹೋಗಬೇಕಾದದ್ದು ಗುಂಪಿಗೆ, ವ್ಯಕ್ತಿಗಲ್ಲ. ಅವರು ವರ್ಗವಾದರೆ ಹೆಸರು ತೆಗೆದರೆ ಸಾಕು. ಓಯು ಮೇಲೆ ಬಲ ಕ್ಲಿಕ್ ಮಾಡಿ ‘ಡೆಲಿಗೇಟ್ ಕಂಟ್ರೋಲ್’ ಆಯ್ದಾಗ ತೆರೆದುಕೊಳ್ಳುವ, ಹಂತ ಹಂತವಾಗಿ ಕೆಲಸ ಮಾಡಿಸುವ ವಿಝಾರ್ಡ್‌ನಲ್ಲಿ, ಪಾಸ್‌ವರ್ಡ್ ರೀಸೆಟ್ ಮಾಡಿ ಮುಂದಿನ ಲಾಗಿನ್‌ನಲ್ಲಿ ಬದಲಾವಣೆ ಕಡ್ಡಾಯಗೊಳಿಸುವ ಕೆಲಸಕ್ಕೆ ಮಾತ್ರ ಗುರುತು ಹಾಕಿಸಿ. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ: ಲಾಕ್ ಆದ ಖಾತೆಯನ್ನು ತೆರೆಯುವ ಹಕ್ಕು ಈ ಗುರುತಿನಲ್ಲಿ ಸೇರಿಲ್ಲ. ‘ಕಸ್ಟಮ್ ಟಾಸ್ಕ್’ ಮೂಲಕ ಯೂಸರ್ ಆಬ್ಜೆಕ್ಟ್‌ಗಳ, ಅಂದರೆ ಬಳಕೆದಾರರ ಖಾತೆಗಳ ‘ಲಾಕ್‌ಔಟ್‌ಟೈಮ್’ ಗುಣಕ್ಕೆ ಓದುವ, ಬರೆಯುವ ಹಕ್ಕನ್ನು ಪ್ರತ್ಯೇಕವಾಗಿ ಕೊಡಿಸಬೇಕು. ಇದೇ ವಿಝಾರ್ಡ್‌ನಿಂದ ಕೊಟ್ಟದ್ದನ್ನು ಹಿಂಪಡೆಯಲಾಗದು. ಅದಕ್ಕೆ ಓಯುವಿನ ಸೆಕ್ಯುರಿಟಿ ಟ್ಯಾಬ್‌ಗೆ ಹೋಗಬೇಕು.

ಅಧೀಕ್ಷಕಿಯವರು ಸರ್ವರ್ ಕೋಣೆಗೆ ಹೋಗುವ ಅಗತ್ಯವಿಲ್ಲ. ಅವರ ಕಂಪ್ಯೂಟರ್‌ನಲ್ಲಿಯೇ ಆಡಳಿತ ಸಲಕರಣೆಗಳನ್ನು ಹಾಕಿಸಿ, ಆ ಒಂದು ಓಯು ಮಾತ್ರ ಕಾಣುವ ಕನ್ಸೋಲ್ (ನಿರ್ವಹಣಾ ಪರದೆ) ಸಿದ್ಧಪಡಿಸಿಕೊಡಬಹುದು. ಕಾಣದಂತೆ ಮಾಡುವುದು ಅನುಕೂಲಕ್ಕಷ್ಟೇ, ರಕ್ಷಣೆ ಇರುವುದು ಹಕ್ಕಿನ ಮಿತಿಯಲ್ಲಿ.

ಇನ್ನು ಫೋನಿನಲ್ಲಿ “ನಾನು ಗ್ರಂಥಾಲಯದಿಂದ ಮಾತಾಡುತ್ತಿದ್ದೇನೆ, ಬೇಗ ಬದಲಿಸಿಕೊಡಿ ಮೇಡಂ” ಎನ್ನುವವರ ವಿಚಾರ. ಕಡತದಲ್ಲಿರುವ ಸಂಖ್ಯೆಗೆ ತಾವೇ ಮರಳಿ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ರೀಸೆಟ್ ಮಾಡಕೂಡದೆಂದು ಅಧೀಕ್ಷಕಿಯವರಿಗೆ ಲಿಖಿತವಾಗಿ ತಿಳಿಸಿ. ಆಡಿಟಿಂಗ್ (ಯಾರು ಏನು ಮಾಡಿದರೆಂದು ದಾಖಲಿಸುವ ಏರ್ಪಾಡು) ಚಾಲೂ ಇದ್ದರೆ ಪ್ರತಿ ರೀಸೆಟ್ಟೂ ಸೆಕ್ಯುರಿಟಿ ಲಾಗ್‌ನಲ್ಲಿ 4724 ಎಂಬ ಸಂಖ್ಯೆಯಡಿ ದಾಖಲಾಗುತ್ತದೆ. ಎಂಜಿನಿಯರ್ ವಾರಕ್ಕೊಮ್ಮೆ ಬಂದಾಗ ಅದನ್ನು ಅಧೀಕ್ಷಕಿಯವರು ರೀಸೆಟ್‌ಗಳನ್ನು ಬರೆದಿಡುವ ನೋಂದಣಿ ಪುಸ್ತಕದೊಂದಿಗೆ ತಾಳೆ ನೋಡಲಿ.