ಬೀಟ್ ಪೊಲೀಸರ ಹೆಸರೇನು?

"ನಮ್ಮ ಬಡಾವಣೆಯಲ್ಲಿ ಮುನ್ನೂರು ಮನೆಗಳಿವೆ. ಎರಡು ವರ್ಷಗಳ ಹಿಂದೆ ಠಾಣೆಯವರು ಬಂದು ನಾಗರಿಕ ಸಮಿತಿ ಮಾಡಿದರು. ಒಂದು ಸಭೆ, ಒಂದು ಫೋಟೊ, ಒಂದು ವಾಟ್ಸ್‌ಆ್ಯಪ್ ಗುಂಪು, ಅಲ್ಲಿಗೆ ಮುಗಿಯಿತು. ಗುಂಪಿನಲ್ಲಿ ಈಗ ಬರುವುದು ಶುಭೋದಯದ ಚಿತ್ರಗಳು, ಬೆಡ್‌ಶೀಟ್ ಮಾರುವ ಹುಡುಗರ ಫೋಟೊಗಳು. ಜನಸ್ನೇಹಿ ಪೊಲೀಸ್ ಎಂಬುದು ಬರೀ ಮಾತು. ನಾವೇ ದುಡ್ಡು ಹಾಕಿ ಗೇಟು, ಕ್ಯಾಮೆರಾ, ಖಾಸಗಿ ಕಾವಲು ಮಾಡಿಕೊಳ್ಳುವುದೇ ಲೇಸಲ್ಲವೇ?"
— ಓದುಗರೊಬ್ಬರು, ಶಿವಮೊಗ್ಗ (ಪತ್ರದ ಆಯ್ದ ಭಾಗ)

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕ್ಯಾಮೆರಾ ಬೇಡವೆಂಬ ಹಟ ನನಗೂ ಇಲ್ಲ; ಬೈಕು ಕಳುವಾದಾಗ ಪೊಲೀಸರು ಮೊದಲು ಕೇಳುವುದು ಅದನ್ನೇ. ಧಾರಾಳವಾಗಿ ಹಾಕಿಸಿಕೊಳ್ಳಿ. ಆದರೆ ಹಿತ್ತಿಲ ಬಾಗಿಲ ಚಿಲಕ ಸಡಿಲವಾಗಿದೆ ಎಂದು ಅದು ನಿಮಗೆ ಹೇಳುವುದಿಲ್ಲ.

ನಮಗೆ ಹೇಳಿದವರು ಒಬ್ಬ ಕಾನ್‌ಸ್ಟೇಬಲ್. ನಮ್ಮ ತಂದೆಯ ಕಿರಾಣಿ ಅಂಗಡಿಯ ಬಾಗಿಲ ಪಕ್ಕ ಒಂದು ತಗಡಿನ ಡಬ್ಬಿಯಿತ್ತು. ಅದರೊಳಗೆ ಬೀಟ್ ಪುಸ್ತಕ, ಅಂದರೆ ಗಸ್ತಿನ ದಾಖಲೆ. ರಾತ್ರಿ ಎರಡರ ಹೊತ್ತಿಗೆ ಸೈಕಲ್ ನಿಲ್ಲಿಸಿ, ಟಾರ್ಚನ್ನು ಗಲ್ಲ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ವೇಳೆ ಬರೆದು ರುಜು ಹಾಕಿ ಹೋಗುತ್ತಿದ್ದರು. ಅವರ ನಿಜವಾದ ಕೆಲಸ ನಡೆಯುತ್ತಿದ್ದುದು ಸಂಜೆ, ಅಂಗಡಿಯ ಬೆಂಚಿನ ಮೇಲೆ, ಅರ್ಧ ಲೋಟ ಚಹಾದ ಜೊತೆಗೆ. ಯಾರ ಮನೆಗೆ ಹೊಸ ಬಾಡಿಗೆದಾರರು ಬಂದರು, ಯಾವ ಕಂಬದ ದೀಪ ಕೆಟ್ಟಿದೆ, ಯಾವ ಅಣ್ಣತಮ್ಮಂದಿರು ಸೈಟಿನ ವಿಚಾರಕ್ಕೆ ಮುನಿಸಿಕೊಂಡಿದ್ದಾರೆ ಎಂಬುದೆಲ್ಲ ಅಲ್ಲೇ ತಿಳಿಯುತ್ತಿತ್ತು. ಒಂದು ದಿನ ನಮ್ಮ ತಾಯಿಗೆ, "ಅಕ್ಕಾ, ಹಿತ್ತಿಲ ಚಿಲಕ ಬದಲಾಯಿಸಿ, ಬೆರಳಲ್ಲಿ ದೂಡಿದರೆ ತೆರೆದುಕೊಳ್ಳುತ್ತದೆ" ಎಂದರು. ನಮ್ಮ ಹಿತ್ತಿಲ ಉಸಾಬರಿ ಇವರಿಗೇಕೆ ಎಂದು ತಾಯಿ ವಾರವಿಡೀ ಗೊಣಗಿದರು. ಚಿಲಕವನ್ನಂತೂ ಬದಲಾಯಿಸಿದರು.

ಇದು ಮುದುಕನ ಹಳಹಳಿಕೆ ಎನ್ನುತ್ತೀರೇನೋ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ಬೀಟುಗಳಲ್ಲಿ ಕಾರಿನ ಗಸ್ತು ನಿಲ್ಲಿಸಿದರು, ಕೆಲವು ಕಡೆ ಎರಡು ಮೂರು ಪಟ್ಟು ಹೆಚ್ಚಿಸಿದರು. ಅಪರಾಧದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಜನರಂತೂ ಬದಲಾವಣೆಯನ್ನು ಗಮನಿಸಲೇ ಇಲ್ಲ! ಕೆಲವು ವರ್ಷಗಳ ನಂತರ ನೆವಾರ್ಕ್ ನಗರದಲ್ಲಿ ಪೊಲೀಸರನ್ನು ಕಾರಿನಿಂದಿಳಿಸಿ ನಡೆಸಿದರು. ಅಪರಾಧ ಅಲ್ಲಿಯೂ ಇಳಿಯಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಇಳಿದದ್ದು ಜನರ ಭಯ. ಪೊಲೀಸರ ಬಗ್ಗೆ ಅವರ ಅಭಿಪ್ರಾಯವೂ ಸುಧಾರಿಸಿತು. ನಿಮ್ಮ ಪತ್ರದ ತುಂಬ ಇರುವುದು ಭಯವೇ ಅಲ್ಲವೇ? ಕಳ್ಳತನದ ಲೆಕ್ಕ ಒಂದೂ ಇಲ್ಲ.

ನಮ್ಮಲ್ಲಿ ಯೋಜನೆಗಳಿಗೆ ಬರವಿಲ್ಲ. ಕೇರಳ 2008ರಲ್ಲಿ ಇಪ್ಪತ್ತು ಠಾಣೆಗಳಲ್ಲಿ 'ಜನಮೈತ್ರಿ' ಆರಂಭಿಸಿ, ಬೀಟ್ ಪೊಲೀಸರನ್ನು ಮನೆ ಮನೆಗೆ ಕಳಿಸಿತು. ಕರ್ನಾಟಕ 2017ರಲ್ಲಿ ಬೀಟ್ ವ್ಯವಸ್ಥೆಯನ್ನು ಸುಧಾರಿಸಿ, ಒಂದೊಂದು ಪ್ರದೇಶದ ಹೊಣೆಯನ್ನು ಒಬ್ಬೊಬ್ಬ ಪೇದೆಗೆ ವಹಿಸಿತು. 2025ರಲ್ಲಿ 'ಮನೆ ಮನೆಗೆ ಪೊಲೀಸ್' ಬಂತು. ಯೋಜನೆಯ ಹೆಸರು ಬದಲಾದರೆ ನಷ್ಟವಿಲ್ಲ, ಬೀಟಿನ ಮನುಷ್ಯ ಬದಲಾದರೆ ಎಲ್ಲ ಮೊದಲಿನಿಂದ. ಇಂದು ಮಂತ್ರಿಗಳ ಬಂದೋಬಸ್ತು, ನಾಳೆ ಗಣಪತಿ ಮೆರವಣಿಗೆ, ನಾಡಿದ್ದು ನ್ಯಾಯಾಲಯಕ್ಕೆ ಆರೋಪಿಯ ಜೊತೆ ಪ್ರಯಾಣ. ನಿಮ್ಮ ಬೀದಿಗೆ ಆತ ಬರುವುದು ಯಾವಾಗ? ಸುಪ್ರೀಂ ಕೋರ್ಟು 2006ರಲ್ಲಿ, ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷದ ಅವಧಿ ಇರಲಿ ಎಂದಿತು. ಠಾಣಾಧಿಕಾರಿಯ ಕೆಳಗಿರುವ ಬೀಟ್ ಪೇದೆಯ ಪರವಾಗಿ ವಾದಿಸುವವರನ್ನು ನಾನಿನ್ನೂ ಕಂಡಿಲ್ಲ.

ಇನ್ನು ನಿಮ್ಮ ಸಮಿತಿ. ಬೇಸರ ಮಾಡಿಕೊಳ್ಳಬೇಡಿ, ಹದಿನಾಲ್ಕು ಸದಸ್ಯರೂ ಸ್ವಂತ ಮನೆಯುಳ್ಳವರು, ಬಹುಪಾಲು ನಿವೃತ್ತರು ಎಂದು ನೀವೇ ಬರೆದಿದ್ದೀರಿ. ಬಾಡಿಗೆದಾರರೆಲ್ಲಿ? ನಸುಕಿನ ನಾಲ್ಕೂವರೆಗೆ ಹಾಲು ಹಾಕುವವರು, ಆರಕ್ಕೆ ಕಸ ಗುಡಿಸುವ ಪೌರಕಾರ್ಮಿಕರು, ಕಟ್ಟುತ್ತಿರುವ ಮನೆಯ ತಗಡಿನ ಶೆಡ್ಡಿನಲ್ಲಿ ಮಲಗುವ ಕೂಲಿಯವರು ಎಲ್ಲಿ? ನಿಮ್ಮ ಬೀದಿಯನ್ನು ನಿಜವಾಗಿ ಕಾಣುವವರು ಅವರು. ನೀವು ಏಳುವ ಹೊತ್ತಿಗೆ ಅವರ ಅರ್ಧ ದಿನ ಮುಗಿದಿರುತ್ತದೆ. ಅವರನ್ನು ಹೊರಗಿಟ್ಟ ಸಮಿತಿಗೆ ಉಳಿಯುವ ಕೆಲಸ ಬೆಡ್‌ಶೀಟ್ ಹುಡುಗರ ಫೋಟೊ ತೆಗೆಯುವುದೊಂದೇ. ಉತ್ಸಾಹಿ ನಾಗರಿಕರಿಗೆ ಪೊಲೀಸರ ಗತ್ತು ಅಂಟಿಕೊಂಡರೆ ಇನ್ನೂ ಕಷ್ಟ. 2020ರಲ್ಲಿ ಸಾತಾನ್‌ಕುಳಂ ಠಾಣೆಯ ಪೊಲೀಸರ ವಶದಲ್ಲಿ ತಂದೆ–ಮಗ ಹಲ್ಲೆಗೊಳಗಾಗಿ ಸತ್ತ ಮೇಲೆ, ಅಲ್ಲಿನ 'ಫ್ರೆಂಡ್ಸ್ ಆಫ್ ಪೊಲೀಸ್' ಸ್ವಯಂಸೇವಕರ ಮೇಲೂ ಆರೋಪ ಬಂತು. ತಮಿಳುನಾಡು ಸರ್ಕಾರ ಆ ವ್ಯವಸ್ಥೆಯನ್ನೇ ನಿಷೇಧಿಸಬೇಕಾಯಿತು.

ಪೊಲೀಸರೊಬ್ಬರನ್ನೇ ದೂರಿ ಏನು ಫಲ? ಅಂಚೆಯವರ ಮುಖ ನೋಡಿ ಎಷ್ಟು ದಿನವಾಯಿತು? ನಮ್ಮ ಬೀದಿಯ ಲೈನ್‌ಮನ್ ಯಾರೆಂದು ನನಗೂ ತಿಳಿಯದು. ಫ್ಯೂಸ್ ಹೋದರೆ ಒಂದು ಸಂಖ್ಯೆಗೆ ಕರೆ ಮಾಡಿ ಇನ್ನೊಂದು ಸಂಖ್ಯೆ ಪಡೆಯುತ್ತೇನೆ. ಪಕ್ಕದ ಮನೆಯಲ್ಲಿ ಸಾವಾದದ್ದು ಕಳೆದ ತಿಂಗಳು ನನಗೆ ಗೊತ್ತಾಗಿದ್ದು ಶಾಮಿಯಾನದವರು ಬಂದಾಗ. ಹೀಗಿರುವಾಗ ಗೇಟು ಯಾರನ್ನು ತಡೆಯಬೇಕು?

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಕ್ಯಾಮೆರಾದ ಕಂಪನಿ, ಗೇಟಿನ ಅಳತೆ, ಕಾವಲುಗಾರರ ಸಂಬಳ ಎಲ್ಲವೂ ಇವೆ. ಬಡಾವಣೆಯ ಬೀಟ್ ಪೊಲೀಸರ ಹೆಸರು ಮಾತ್ರ ಒಂದು ಕಡೆಯೂ ಇಲ್ಲ. ಠಾಣೆಗೆ ಹೋಗಿ ವಿಚಾರಿಸಿ. ಒಂದು ಸಂಜೆ ಅವರನ್ನು ಚಹಾಕ್ಕೆ ಕರೆಯಿರಿ, ಹಾಲಿನವರನ್ನೂ ಕೂರಿಸಿಕೊಳ್ಳಿ. ಏನಾಯಿತೆಂದು ಬರೆದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇನೆ.

— ಸಂಪಾದಕ